ಇನ್ನೂರ ಮೂವತ್ತರಲ್ಲಿ ನಿಂತ ಮುಳ್ಳು

ಕೂತಲ್ಲಿ ಕೂರುವ ಗುಣ ನನ್ನದಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಚುರುಕುತನ ಅಂದುಕೊಂಡಿದ್ದಳು. ಈಗ ಮನೆಗೆ ಬಂದವರ ಎದುರಿಗೇ ಹೇಳುತ್ತಾಳೆ: "ಇವರಿಗೆ ಕೆಳಗ ಇರಿವಿ ಕಡೀತಾವ್ರಿ, ಕುರ್ಚಿ ಮ್ಯಾಲೆ ಹತ್ತು ನಿಮಿಷ ಕುಂದ್ರಂಗಿಲ್ಲ." ನನ್ನ ಕೆಲಸವೂ ಅಂಥದ್ದೇ. ಮಸ್ಕತ್ತಿನ ಒಂದು ಕಂಪನಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಸೂಪರ್‌ವೈಸರ್. ಎಲ್ಲೋ ಏನೋ ಸುಡುತ್ತಿದೆ ಅಂತ ಫೋನ್ ಬರುತ್ತದೆ, ನಾನು ಓಡುತ್ತೇನೆ. ಫೋನ್ ಬಾರದ ದಿನವೂ ಏನೋ ಸುಡುತ್ತಿರಬೇಕು ಅಂತಲೇ ಅನ್ನಿಸುತ್ತಿರುತ್ತದೆ.

ಇದಕ್ಕೆ ಕಾರಣ ನಮ್ಮಪ್ಪ. ಗದಗಿನ ಕಡೆಯ ಒಂದು ಸಣ್ಣ ಊರಿನಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪುಗಳು, ಗಿರಣಿಯ ಮೋಟಾರುಗಳು ಅಲ್ಲಿಗೆ ಬರುತ್ತಿದ್ದವು. ಅಪ್ಪ ಮೊದಲು ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. ಸುಟ್ಟ ವಾರ್ನಿಶ್ ವಾಸನೆ ಬಂದರೆ "ಲೋ ವೋಲ್ಟೇಜ್" ಅಂತ ಒಂದೇ ಮಾತು. "ಕರೆಂಟ್ ಹೋದ್ರ ಮಷಿನ್ ಮಲಗತೈತಿ. ಕಡಿಮಿ ಆದ್ರ ಸಾಯತೈತಿ," ಅನ್ನುತ್ತಿದ್ದರು. ಕರೆಂಟು ಸಾಲದಾದಾಗ ಮೋಟಾರು ತಿರುಗಲಾರದೆ ಒದ್ದಾಡುತ್ತದೆ, ಒದ್ದಾಡುತ್ತ ಕಾಯುತ್ತದೆ, ಕಾದು ಸುಡುತ್ತದೆ. ಆ ವಾಸನೆ ನನ್ನ ಮೂಗಿನಿಂದ ಇವತ್ತಿಗೂ ಹೋಗಿಲ್ಲ.

ನಮ್ಮ ಕಂಪನಿಯ ಮಾಲೀಕರ ಹತ್ತಿರ ಒಂದು ಕ್ಯಾರವಾನ್ ಇತ್ತು. ಒಳಗೇ ಎರಡು ಹಾಸಿಗೆ, ಫ್ರಿಜ್, ಏಸಿ, ಗೀಸರ್, ಅಂಗೈಯಗಲದ ಅಡುಗೆಮನೆ ಇರುವ ಬಂಡಿ. ಒಂದು ವರ್ಷ ಅವರು ಅದನ್ನು ಸಮುದ್ರದಂಡೆಯ ಒಂದು ಕ್ಯಾಂಪಿಗೆ ಒಯ್ದಾಗ ಅಲ್ಲಿಯ ಕರೆಂಟು ಇಳಿದು ಫ್ರಿಜ್ಜಿನ ಕಂಪ್ರೆಸರ್ ಸುಟ್ಟಿತು. ಮಾಲೀಕರು ಬೈಯಲಿಲ್ಲ. "ನೀನು ನೋಡಿಕೊಳ್ಳುತ್ತೀ ಅಂದುಕೊಂಡಿದ್ದೆ," ಅಂದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು. ಮರುವಾರವೇ ನಾನು ಒಂದು ದೊಡ್ಡ ಸ್ಟೆಬಿಲೈಸರ್ ತಂದು ಹಾಸಿಗೆಯ ಕೆಳಗೆ ಕೂರಿಸಿ, ಬಂಡಿಯ ಇಡೀ ಲೈನನ್ನು ಅದರ ಮೂಲಕ ಹಾಯಿಸಿದೆ. ಬಾಗಿಲ ಪಕ್ಕದಲ್ಲಿ ಒಂದು ಮೀಟರ್ ಹಚ್ಚಿದೆ. ಸ್ಟೆಬಿಲೈಸರಿನಿಂದ ಹೊರಗೆ ಬರುವ ವೋಲ್ಟೇಜನ್ನು ಅದು ತೋರಿಸುತ್ತಿತ್ತು. ಒಳಗೆ ಬರುವುದನ್ನು ತೋರಿಸುವ ಮೀಟರನ್ನು ಹಚ್ಚಲಿಲ್ಲ. ಬರುವುದು ಎಷ್ಟಾದರೂ ಇರಲಿ, ನಮಗೆ ಸಿಗುವುದು ಸರಿಯಿದ್ದರೆ ಸಾಕಲ್ಲ ಅಂತ.

ಸ್ಟೆಬಿಲೈಸರ್ ಅಂದರೆ ನಮ್ಮ ಕಡೆಯವರಿಗೆ ಮನೆದೇವರಿದ್ದ ಹಾಗೆ. ಟೀವಿಗೊಂದು, ಫ್ರಿಜ್ಜಿಗೊಂದು. ಒಮಾನಿಗೆ ಮೊದಲ ಸಲ ಬರುವಾಗ ನಾನೂ ಚಟ್ನಿಪುಡಿಯ ಜೊತೆ ಒಂದು ಸಣ್ಣ ಸ್ಟೆಬಿಲೈಸರ್ ಕಟ್ಟಿಕೊಂಡು ಬಂದವನು. ಮಸ್ಕತ್ತಿನ ಅಂಚಿನ ಅಲ್ ಅಮೇರಾತಿನ ನಮ್ಮ ಮನೆಯಲ್ಲಿ ಇಷ್ಟು ವರ್ಷಗಳಲ್ಲಿ ಅದು ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ. ಆದರೂ ಎಸೆಯಲಿಲ್ಲ.

ಮಸ್ಕತ್ತು ಸುಡುತ್ತಿರುವಾಗ ದಕ್ಷಿಣದ ಸಲಾಲಾದಲ್ಲಿ ಮಾತ್ರ ಮಳೆ, ಮಂಜು ಬೀಳುವ ತಿಂಗಳುಗಳಲ್ಲಿ ಒಮ್ಮೆ ಮಾಲೀಕರು ಕರೆದು, "ಒಂದು ವಾರ ಕ್ಯಾರವಾನ್ ತೆಗೆದುಕೊಂಡು ಹೋಗು, ಮಕ್ಕಳಿಗೆ ಸಲಾಲಾ ತೋರಿಸು," ಅಂದರು. ಹೆಂಡತಿ, ಏಳನೇ ಕ್ಲಾಸಿನ ಮಗಳು, ನಾನು. ಮರಳಿನ ನಡುವಿನ ಆ ನೇರ ರಸ್ತೆಯಲ್ಲಿ ಎರಡು ದಿನದ ದಾರಿ. ಸಣ್ಣ ಸ್ಟೆಬಿಲೈಸರನ್ನೂ ಹಾಕಿಕೊಂಡೆ. "ಅದಕ್ಕೂ ಸೂಟಿ ಏನು?" ಅಂದಳು ಹೆಂಡತಿ.

ಸಲಾಲಾದ ಗುಡ್ಡದ ತಪ್ಪಲಿನಲ್ಲಿ ಒಂದು ಮೈದಾನ. ಗೇಟಿನ ಹತ್ತಿರ ಕರೆಂಟಿನ ಪೆಟ್ಟಿಗೆ, ಅಲ್ಲಿಂದ ಒಂದೇ ಕೇಬಲ್ಲು ಸಾಲಾಗಿ ನೆಟ್ಟ ಎಂಟು ಕಂಬಗಳಿಗೆ. ಕೇಬಲ್ಲಿನ ದಪ್ಪ ನೋಡಿದವನೇ, "ಇದು ಸಾಲಂಗಿಲ್ಲ," ಅಂದೆ. ಹೆಂಡತಿ ಅದಾಗಲೇ ಕೆಳಗಿಳಿದು ಮುಖವನ್ನು ಜಿನುಗುಮಳೆಗೆ ಒಡ್ಡಿ ನಿಂತಿದ್ದಳು. ಮಸ್ಕತ್ತಿನ ಬೆಂಕಿಯಂಥ ಬಿಸಿಲಿನಿಂದ ಬಂದವಳು. ಅವಳು ಅಷ್ಟು ಹಗುರಾಗಿದ್ದನ್ನು ನೋಡಿ ಬಹಳ ದಿನವಾಗಿತ್ತು. ನಾನು ಅದನ್ನು ನೋಡುತ್ತ ನಿಲ್ಲಬೇಕಿತ್ತು. ಏಳನೆಯ ಕಂಬಕ್ಕೆ ಪ್ಲಗ್ ಹಾಕಿ, ಓಡಿಬಂದು ಮೀಟರ್ ನೋಡಿದೆ. ಮುಳ್ಳು ಇನ್ನೂರ ಮೂವತ್ತರಲ್ಲಿತ್ತು, ಇರಬೇಕಾದ ಜಾಗದಲ್ಲೇ.

ನಮ್ಮ ಆಚೆಗೆ ಎಂಟನೆಯ ಕಂಬ, ಅದೇ ಕೊನೆಯದು. ಅಲ್ಲಿ ಒಂದು ದೊಡ್ಡ ಡೇರೆ. ಇಬ್ರಾದ ಕಡೆಯಿಂದ ಬಂದ ಒಮಾನಿ ಕುಟುಂಬ: ನಡುವಯಸ್ಸಿನ ಮಗ, ಅವನ ಹೆಂಡತಿ, ಮತ್ತು ಅವನ ತಂದೆ. ತಂದೆಗೆ ಎಂಬತ್ತು ದಾಟಿರಬೇಕು. ಶ್ವಾಸಕೋಶದ ಕಾಯಿಲೆ. ಮೂಗಿಗೆ ಸಣ್ಣ ನಳಿಗೆ, ಪಕ್ಕದಲ್ಲಿ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಮಷಿನ್. ಅದು ಕರೆಂಟಿನ ಮೇಲೆ ಓಡುತ್ತದೆ. ಬೇಡ ಬೇಡವೆಂದರೂ ಮುದುಕರು ಹಟ ಹಿಡಿದು ಬಂದಿದ್ದರಂತೆ. ಸಲಾಲಾದ ಮಂಜನ್ನು ಇನ್ನೊಂದು ಸಲ ನೋಡಬೇಕು, ಅದೂ ಹೋಟೆಲಿನ ಕಿಟಕಿಯಿಂದಲ್ಲ, ಹುಲ್ಲಿನ ಮೇಲೆ ಕೂತು. ಮಗ ಇದನ್ನೆಲ್ಲ ಮೊದಲ ದಿನವೇ ಖರ್ಜೂರ ಕೊಡಲು ಬಂದಾಗ ಹಿಂದಿಯಲ್ಲಿ ಹೇಳಿದ. ನನ್ನ ಜೇಬಿನಲ್ಲಿದ್ದ ಟೆಸ್ಟರ್ ನೋಡಿ "ಮುಹಂದಿಸ್?" ಅಂದ. ಎಂಜಿನಿಯರೇ ಅಂತ ಅರ್ಥ. ಅಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಎರಡನೆಯ ದಿನಕ್ಕೆ ಎಲ್ಲ ಕಂಬಗಳೂ ತುಂಬಿದವು. ಮಂಜಿನಲ್ಲಿ ಬಟ್ಟೆ ಒಣಗುವುದಿಲ್ಲ. ಹಾಸಿಗೆ ಹೊದಿಕೆಯೆಲ್ಲ ತಣ್ಣಗೆ ಹಸಿ. ಹೆಂಡತಿ ಕ್ಯಾರವಾನಿನೊಳಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದಳು. ಒಳಗಿನ ಗಾಳಿಯ ಪಸೆ ಹೀರಲೆಂದು ನಾನು ಏಸಿ ಹಚ್ಚಿಟ್ಟೆ, ಗೀಸರನ್ನೂ ಹಾಕಿದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ಮೀಟರ್ ನೋಡುತ್ತಿದ್ದೆ. ಇನ್ನೂರ ಮೂವತ್ತು. ಮತ್ತೆ ನೋಡಿದರೂ ಇನ್ನೂರ ಮೂವತ್ತು. ಸ್ಟೆಬಿಲೈಸರ್ ಮಾತ್ರ ಹಾಸಿಗೆಯ ಕೆಳಗೆ ಗುಂಯ್ ಅನ್ನುತ್ತಿತ್ತು.

"ಏನ್ರೀ, ಆ ಮುಳ್ಳು ಓಡಿ ಹೋಗಂಗಿಲ್ಲ. ಮಂಜು ಹೋಗತೈತಿ. ಹೊರಗ ಬರ್ರಿ," ಅಂದಳು ಹೆಂಡತಿ.

"ಅಪ್ಪಾ, ಪ್ಲೀಸ್, ಜಸ್ಟ್ ಸಿಟ್," ಅಂದಳು ಮಗಳು, ಮೊಬೈಲಿನಿಂದ ತಲೆಯೆತ್ತದೆ.

ಹೊರಗೆ ಬಂದು ಕೂತೆ. ಕೂತು ಎರಡು ನಿಮಿಷವಾಗಿರಲಿಲ್ಲ, ಕೊನೆಯ ಡೇರೆಯಿಂದ ಕೀಂ ಕೀಂ ಅಂತ ಸದ್ದು ಕೇಳಿತು. ಸಂಜೆ ನಾಲ್ಕೂವರೆಯ ಚಹಾದ ಹೊತ್ತು. ಮಗ ಬರಿಗಾಲಲ್ಲೇ ಓಡಿಬಂದ. "ಮುಹಂದಿಸ್, ಮಷಿನ್ ಬಂದ್ ಹೋ ಗಯಾ."

ಡೇರೆಯೊಳಗೆ ಮುದುಕರು ದಿಂಬಿಗೆ ಒರಗಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಪ್ರತಿ ಉಸಿರಿಗೂ ಕೊರಳಿನ ಗುಂಡಿ ಒಳಗೆ ಹೋಗುತ್ತಿತ್ತು. ಸೊಸೆ ಒಂದು ಸಿಲಿಂಡರ್ ತೆರೆದು ನಳಿಗೆಯನ್ನು ಅದಕ್ಕೆ ಸಿಕ್ಕಿಸುತ್ತಿದ್ದಳು. ಅವರ ಬಳಿ ಇದ್ದದ್ದು ಅದೊಂದೇ. ದಾರಿಯ ಮೇಲೆ ಬೇಕಾಗಬಹುದೆಂದು ತಂದದ್ದು. ಅದು ಮೂರು ಗಂಟೆಯೂ ಬಾರದು, ಅಷ್ಟರಲ್ಲಿ ಮಷಿನ್ ಓಡದಿದ್ದರೆ ತಂದೆಯನ್ನು ಆಸ್ಪತ್ರೆಗೆ ಒಯ್ಯಬೇಕು, ಅಲ್ಲಿಂದ ಸೀದಾ ಊರಿಗೆ, ಅಂದ ಮಗ. ಮುದುಕರು ಅರಬ್ಬಿಯಲ್ಲಿ ಏನೋ ಅಂದರು. ಮಗ ತಲೆ ತಗ್ಗಿಸಿದ. "ಹೋಗುವುದಿಲ್ಲ ಅಂತಾರೆ," ಅಂದ.

ಪ್ಲಗ್ಗಿನಲ್ಲಿ ನನ್ನ ಕೈಮೀಟರ್ ಇಟ್ಟು ನೋಡಿದೆ. ನೂರ ಅರವತ್ತೆಂಟು. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಯಾವ ಮಷಿನ್ನೂ ಬದುಕುವುದಿಲ್ಲ. ನನ್ನ ಮೂಗಿಗೆ ಆ ಹಳೆಯ ವಾಸನೆ ಬಂದಂತಾಯಿತು. ಓಡಿಹೋಗಿ ಸಣ್ಣ ಸ್ಟೆಬಿಲೈಸರ್ ತಂದು ಮಷಿನ್ನಿಗೆ ಹಾಕಿದೆ. ಓಡಿತು. ಮಗ ನನ್ನ ಭುಜ ತಟ್ಟಿದ. ಮೂರು ನಿಮಿಷಕ್ಕೆ ಸ್ಟೆಬಿಲೈಸರ್ ಟಕಟಕ ಬಡಿದುಕೊಂಡು ನಿಂತೇಬಿಟ್ಟಿತು. ಮೀಟರ್ ನೋಡಿದರೆ ವೋಲ್ಟೇಜು ಮೊದಲಿಗಿಂತ ಇನ್ನೂ ಎರಡು ಇಳಿದಿತ್ತು.

ಆಗ ನನಗೆ ಸಿಟ್ಟು ಬಂತು. ಜನಗಳ ಮೇಲೆ. ಒಂದನೆಯ ಕಂಬದಿಂದ ಶುರುಮಾಡಿ ಎಲ್ಲರ ಡೇರೆಗೂ ಹೋದೆ. ಕೆಟಲ್ ಬಂದ್ ಮಾಡಿ. ಹೀಟರ್ ಬಂದ್ ಮಾಡಿ. ಅಲ್ಲಿ ಒಬ್ಬ ಮನುಷ್ಯನಿಗೆ ಉಸಿರಿಲ್ಲ, ಇಲ್ಲಿ ನಿಮಗೆ ಚಹಾ! ಹಿಂದಿ, ಇಂಗ್ಲಿಷ್, ಗೊತ್ತಿದ್ದ ನಾಲ್ಕು ಅರಬ್ಬಿ ಮಾತು, ಎಲ್ಲವನ್ನೂ ಕಲಸಿ ಬೈದೆ. ಮಂಗಳೂರಿನ ಕಡೆಯ ಒಂದು ಕೊಂಕಣಿ ಕುಟುಂಬ ಇತ್ತು. ಅವರ ಅಜ್ಜಿ, "ದೇವರೇ, ನಮಗೆ ಗೊತ್ತೇ ಇರಲಿಲ್ಲ ಮಾರಾಯ್ರೆ," ಅಂತ ಕುದಿಯುತ್ತಿದ್ದ ಅನ್ನದ ಕುಕ್ಕರಿನ ಪ್ಲಗ್ ಕಿತ್ತು ಕೈಮುಗಿದರು. ಎಲ್ಲರೂ ಮಾತು ಕೇಳಿದರು. ನಮ್ಮ ಕ್ಯಾರವಾನಿನ ಮುಂದೆಯೂ ಹಾದುಹೋದೆ. ಅಲ್ಲಿ ನಿಲ್ಲಬೇಕು ಅಂತ ಹೊಳೆಯಲೇ ಇಲ್ಲ. ನಮ್ಮಲ್ಲಿ ಲೋ ವೋಲ್ಟೇಜೇ ಇರಲಿಲ್ಲವಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ನಾವು ಬೇರೆಯವರಿಗೆ ಹೇಳುವುದಕ್ಕೆ ಮಾತ್ರ ಕಲಿತಿರುತ್ತೇವೆ.

ಮರಳಿ ಮುದುಕರ ಪ್ಲಗ್ಗಿಗೆ ಮೀಟರ್ ಇಟ್ಟೆ. ನೂರ ಎಪ್ಪತ್ತೆಂಟು. ಅಷ್ಟೂ ಜನ ಬಂದ್ ಮಾಡಿಯೂ ಹತ್ತೇ ಏರಿತ್ತು. ಮತ್ತೆ ಯಾರು ಎಳೆಯುತ್ತಿದ್ದಾರೆ? ಸಿಲಿಂಡರಿನ ಸಣ್ಣ ಮುಳ್ಳು ಇಳಿಯುತ್ತಲೇ ಇತ್ತು. ನಾನು ಕೂತೆ, ಎದ್ದೆ, ಕಂಬ ಮುಟ್ಟಿ ನೋಡಿದೆ, ವೈರು ಬಿಗಿ ಮಾಡಿದೆ, ಮತ್ತೆ ಕೂತೆ.

ನೋಡುತ್ತಿದ್ದಂತೆ ಮೀಟರಿನ ಅಂಕಿ ಒಂದೇ ನೆಗೆತಕ್ಕೆ ಇನ್ನೂರ ಹನ್ನೆರಡಕ್ಕೆ ಬಂತು. ಮಷಿನ್ ಗುರ್ ಅಂದು ಶುರುವಾಯಿತು. ಸೊಸೆ ನಳಿಗೆಯನ್ನು ಮತ್ತೆ ಮಷಿನ್ನಿಗೆ ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ಮುದುಕರ ತುಟಿ ಮುಚ್ಚಿತು, ಭುಜ ಇಳಿಯಿತು. ಮಗ ನನ್ನನ್ನು ಅಪ್ಪಿ ಹಣೆಗೆ ಮುತ್ತಿಟ್ಟ. ಅಷ್ಟರಲ್ಲಿ ಹೆಂಡತಿ ಡೇರೆಯ ಬಾಗಿಲಿಗೆ ಬಂದು ನನ್ನನ್ನು ಹೊರಗೆ ಕರೆದಳು.

"ಆ ನಿಮ್ಮ ಡಬ್ಬಿ ಭಾಳ ಕೂಗಾಡಾಕತ್ತಿತ್ತು. ತಲಿ ಚಿಟ್ಟ ಹಿಡೀತು. ಮೇನ್ ಸ್ವಿಚ್ ಬಂದ್ ಮಾಡೀನಿ. ಬಂದ ಮ್ಯಾಲೆ ಬೈಬ್ಯಾಡ್ರಿ."

"ಯಾವಾಗ ಮಾಡಿದಿ?"

"ಈಗ. ಬಂದ್ ಮಾಡಿ ನೆಟ್ಟಗ ಇಲ್ಲಿಗೇ ಬಂದೆ."

ಮೀಟರಿನ ಅಂಕಿ ನೆಗೆದದ್ದೂ ಈಗಲೇ. ಸ್ಟೆಬಿಲೈಸರ್ ಕರೆಂಟನ್ನು ಹುಟ್ಟಿಸುವುದಿಲ್ಲ. ನೂರ ಎಪ್ಪತ್ತನ್ನು ಇನ್ನೂರ ಮೂವತ್ತು ಮಾಡಬೇಕಾದರೆ ಅದು ಕೇಬಲ್ಲಿನಿಂದ ಇನ್ನಷ್ಟು ಎಳೆಯಬೇಕು. ಎಳೆದಷ್ಟೂ ಕೇಬಲ್ಲು ಸೊರಗುತ್ತದೆ, ಸೊರಗಿದಷ್ಟೂ ಅದು ಮತ್ತೆ ಎಳೆಯುತ್ತದೆ. ಇಷ್ಟನ್ನು ನಾನು ನನ್ನ ಕೈಕೆಳಗಿನವರಿಗೆ ಪಾಠ ಮಾಡಿದ್ದೇನೆ. ಹಸಿ ಬಟ್ಟೆ ಒಣಗಿಸಲು ಒಬ್ಬ ಮುದುಕರ ಉಸಿರನ್ನು ಎಳೆಯುತ್ತಿದ್ದವನು ನಾನು. ಅದರ ಮೇಲೆ ಊರಿಗೆಲ್ಲ ಬೈದು ಬಂದಿದ್ದೆ.

ಮಗ ಹೊರಗೆ ಬಂದು ಮತ್ತೆ ಕೈಹಿಡಿದು, "ನೀನಿಲ್ಲದಿದ್ದರೆ ಏನು ಗತಿ," ಅಂದ. ಹೇಳಬೇಕು ಅಂತ ಬಾಯಿ ತೆರೆದೆ. ಹೊರಬಂದದ್ದು "ಮಾಫಿ ಮುಶ್ಕಿಲ್." ಪರವಾಗಿಲ್ಲ, ಏನೂ ತೊಂದರೆಯಿಲ್ಲ. ಈ ದೇಶದಲ್ಲಿ ನಾನು ಕಲಿತ ಮೊದಲ ಮಾತು ಅದು, ಎಲ್ಲದಕ್ಕೂ ಬಾಯಿಗೆ ಬರುತ್ತದೆ. ಹಿಂದೆಂದೂ ಅಷ್ಟು ನಾಚಿಕೆಯಾದದ್ದು ನೆನಪಿಲ್ಲ.

ಆಮೇಲೆ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತಿದ್ದಾಗ ನಮ್ಮೂರ ಓಣಿ ನೆನಪಾಯಿತು. ಎಲ್ಲ ಮನೆಯವರೂ ಅಪ್ಪನ ಅಂಗಡಿಯಿಂದಲೇ ಸ್ಟೆಬಿಲೈಸರ್ ಒಯ್ದಿದ್ದರು. ಓಣಿಯ ಕೊನೆಯ ಮನೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಅಮ್ಮ ಇದ್ದರು. ಅವರ ಮನೆಯ ಬಲ್ಬು ಸಂಜೆಯಾದರೆ ಕೆಂಡದಷ್ಟೇ ಬೆಳಗುತ್ತಿತ್ತು. ಅವರು ಸೂಜಿಗೆ ದಾರ ಪೋಣಿಸಲು ಬೀದಿಗೆ ಬಂದು ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಸ್ಟೆಬಿಲೈಸರ್ ಹಾಕಲೇ ಇಲ್ಲ. ಮಾರುವವನ ಮನೆಯಲ್ಲೇ ಇಲ್ಲ ಅಂತ ನಾವು ಅವರನ್ನು ಜಿಪುಣ ಅಂತ ಚಾಷ್ಟಿ ಮಾಡುತ್ತಿದ್ದೆವು. "ನಮ್ಮ ಮುಂದ ಇನ್ನ ಮನಿ ಅದಾವ," ಅಂತಷ್ಟೇ ಅಪ್ಪ ಅನ್ನುತ್ತಿದ್ದರು. ಆ ಮಾತಿಗೆ ಏನು ಸಂಬಂಧ ಅಂತ ನನಗೆ ಆಗ ತಿಳಿದಿರಲಿಲ್ಲ. ಈಗ ತಿಳಿಯಿತು, ಅಪ್ಪ ಇಲ್ಲದ ಮೇಲೆ.

"ಅವರಿಗೆ ಹೇಳಿದ್ರೋ ಇಲ್ಲೋ?" ಅಂತ ಕೇಳಿದಳು ಹೆಂಡತಿ. ಅವಳಿಗೆ ಎಲ್ಲ ಹೇಳಿದ್ದೆ.

"ಇಲ್ಲ."

"ಹೇಳಿ ಬರ್ರಿ. ಹೊಟ್ಟ್ಯಾಗ ಇಟ್ಕೊಂಡ್ರ ನಿಮಗ ದಕ್ಕಂಗಿಲ್ಲ. ನಮಗೂ ನಿದ್ದಿ ಮಾಡಗೊಡಂಗಿಲ್ಲ."

ಬೆಳಿಗ್ಗೆ ಹೋದೆ. ಮುದುಕರು ಡೇರೆಯ ಬಾಯಲ್ಲಿ ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತು, ಮೂಗಿನ ನಳಿಗೆಯ ಸಮೇತ ಕಾಫಿ ಕುಡಿಯುತ್ತ ಮಂಜು ನೋಡುತ್ತಿದ್ದರು. ನನ್ನ ಕೈಗೂ ಒಂದು ಪುಟ್ಟ ಬಟ್ಟಲು ಬಂತು. ಕುಡಿಯದೆ ಹಿಡಿದುಕೊಂಡೇ ಹೇಳಿದೆ. ನಿನ್ನೆ ನಾನು ಏನನ್ನೂ ಸರಿಮಾಡಲಿಲ್ಲ, ಕೆಡಿಸಿದವನೇ ನಾನು. ನನ್ನ ಬಂಡಿಯ ಡಬ್ಬಿ ನಿಮ್ಮ ಕರೆಂಟು ಎಳೆಯುತ್ತಿತ್ತು. ಮಗ ಅರ್ಧ ತಿಳಿದು ಅರ್ಧ ತಿಳಿಯದೆ ತಂದೆಗೆ ಹೇಳುತ್ತ ಹೋದ. ಹೇಳುತ್ತಿದ್ದಂತೆ ಅವನ ಮುಖ ಬಿಗಿಯಿತು. ಕೊನೆಗೆ ಅವನು ನನ್ನ ಕಡೆ ನೋಡುವುದನ್ನೇ ಬಿಟ್ಟ.

ಮುದುಕರು ಒಂದೇ ಪ್ರಶ್ನೆ ಕೇಳಿದರು. ನಿನ್ನ ಕಂಬ ನನ್ನ ಕಂಬಕ್ಕಿಂತ ಮೇಲೋ ಕೆಳಗೋ? ಮೇಲೆ, ಗೇಟಿನ ಕಡೆಗೆ, ಅಂದೆ. ಅವರು ನಕ್ಕರು. ನಗು ಕೆಮ್ಮಿಗೆ ತಿರುಗಿತು. ಸುಧಾರಿಸಿಕೊಂಡು ಮಗನಿಗೆ ನಿಧಾನವಾಗಿ ಏನೋ ಹೇಳತೊಡಗಿದರು, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ.

ಬೆಟ್ಟದ ಬುಡದ ನೀರನ್ನು ಊರಿಗೆ ತರುವ ಕಾಲುವೆಗೆ ಇಲ್ಲಿ ಫಲಜ್ ಅನ್ನುತ್ತಾರೆ. ಆ ನೀರು ಒಂದೊಂದು ತೋಟಕ್ಕೆ ಇಷ್ಟಿಷ್ಟು ಹೊತ್ತು ಅಂತ ಪಾಳಿ. ಮುದುಕರು ತಮ್ಮ ಊರಿನ ಫಲಜಿನ ಪಾಳಿ ನೋಡುವವರಾಗಿದ್ದರಂತೆ. ಹಗಲು ನೆರಳನ್ನು ಅಳೆದು, ರಾತ್ರಿ ನಕ್ಷತ್ರ ನೋಡಿ, ಯಾರ ನೀರು ಯಾವಾಗ ಅಂತ ಕೂಗಿ ಹೇಳುವ ಕೆಲಸ. "ಮೇಲಿನ ತೋಟದವನು ಕಲ್ಲು ಸರಿಸಿ ನೀರು ತಿರುಗಿಸಿಕೊಳ್ಳುವುದು ಹೊಸತಲ್ಲ, ಅಂತಾರೆ ತಂದೆ," ಅಂದ ಮಗ. "ಬಂದು ಹೇಳಿದವನನ್ನು ಮಾತ್ರ ಇವತ್ತೇ ನೋಡಿದ್ದಂತೆ."

ನನ್ನ ಕಣ್ಣು ತುಂಬುವುದರಲ್ಲಿತ್ತು. ತುಂಬಲು ಮುದುಕರು ಸಮಯ ಕೊಡಲಿಲ್ಲ. ಖರ್ಜೂರದ ಪೆಟ್ಟಿಗೆಯ ರಟ್ಟು ಹರಿದು ತರಿಸಿದರು, ಮಗನ ಕೈಗೆ ಪೆನ್ನು ಕೊಡಿಸಿದರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಯಾವುದು ಎಷ್ಟು ಎಳೆಯುತ್ತದೆ? ಕೆಟಲ್ ಎಷ್ಟು, ಕುಕ್ಕರ್ ಎಷ್ಟು? ನಾನು ಹೇಳಿದೆ, ಅವರು ಹಂಚಿದರು. ಅವರ ಮಷಿನ್ನು ಮತ್ತು ಎಲ್ಲರ ಫ್ರಿಜ್ಜುಗಳು ಯಾವಾಗಲೂ. ಅದು ಕುಡಿಯುವ ನೀರಿದ್ದಂತೆ, ಅದಕ್ಕೆ ಪಾಳಿಯಿಲ್ಲ. ಉಳಿದದ್ದಕ್ಕೆ ಮಧ್ಯಾಹ್ನ ಎರಡೂವರೆಯಿಂದ ಒಂದೊಂದು ಡೇರೆಗೆ ಅರ್ಧ ಗಂಟೆ. ಮೊದಲ ಕಂಬದಿಂದ ಶುರುವಾಗಿ ಆರನೆಯದರ ತನಕ, ಆಮೇಲೆ ಎಂಟನೆಯದು. ಕಟ್ಟಕಡೆಗೆ ಏಳನೆಯದು.

"ಕದ್ದವನ ಪಾಳಿ ಕೊನೆಗೆ. ಊರಿನ ರೂಢಿ," ಅಂದ ಮಗ. ಆಗ ಮೊದಲ ಬಾರಿಗೆ ಅವನ ಮುಖ ಸಡಿಲಾಯಿತು.

ರಟ್ಟು ಹಿಡಿದು ಮತ್ತೆ ಎಲ್ಲ ಡೇರೆಗಳಿಗೂ ಹೋದೆ. ಈ ಸಲ ನನ್ನದೇ ತಪ್ಪು ಅಂತ ಹೇಳಿಕೊಂಡು. ಮಂಗಳೂರಿನ ಅಜ್ಜಿ, "ಅಯ್ಯೋ, ನಿನ್ನೆ ನಮ್ಮ ಅನ್ನ ಅರ್ಧ ಬೆಂದದ್ದೇ ಉಂಡದ್ದು ಮಾರಾಯ್ರೆ!" ಅಂತ ನನ್ನನ್ನು ಚೆನ್ನಾಗಿ ತೊಳೆದರು. ತೊಳೆದು ಒಂದು ತಟ್ಟೆ ಮೀನು ಕೊಡಲು ಬಂದರು. ನಾವು ತಿನ್ನುವುದಿಲ್ಲ ಅಂದಾಗ ಇನ್ನೂ ಸ್ವಲ್ಪ ಬೈದರು.

ಆ ದಿನ ನನಗೆ ಮುಗಿಯಲೇ ಇಲ್ಲ. ಸ್ಟೆಬಿಲೈಸರನ್ನು ಲೈನಿನಿಂದ ಬಿಡಿಸಿದೆ. ವೋಲ್ಟೇಜು ಇಳಿದರೆ ಎತ್ತುವ ಬದಲು ಸುಮ್ಮನೆ ಕತ್ತರಿಸಿಬಿಡುವ ಒಂದು ಸಣ್ಣ ರಿಲೇ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ಫ್ರಿಜ್ಜಿಗೆ ಹಾಕಿದೆ. ಬಾಗಿಲ ಪಕ್ಕದ ಮೀಟರನ್ನು ಕಿತ್ತು ಒಳಬರುವ ಲೈನಿಗೆ ಹಚ್ಚಿದೆ. ಹಗ್ಗದ ಮೇಲೆ ಬಟ್ಟೆ ಹಸಿಯಾಗಿಯೇ ಇದ್ದವು. ಗಡಿಯಾರ ನೋಡುತ್ತ ಅಡ್ಡಾಡಿದೆ. ಪ್ರತಿ ಅರ್ಧ ಗಂಟೆಗೆ ಕೊನೆಯ ಡೇರೆಯಿಂದ ಕೋಲಿನಿಂದ ತಗಡಿನ ಡಬ್ಬ ಬಡಿದ ಸದ್ದು. ಮಗ ಡೇರೆಯ ಸಂಖ್ಯೆ ಕೂಗುತ್ತಿದ್ದ. ಬಡಿಯುತ್ತಿದ್ದವರು ಮಾತ್ರ ಮುದುಕರೇ. ಅವರ ಕೈಯಲ್ಲಿ ಅಷ್ಟು ಬಲವಿದೆ ಅಂತ ಸೊಸೆಗೂ ಗೊತ್ತಿರಲಿಲ್ಲವಂತೆ.

ಸಂಜೆ ಕತ್ತಲಾಗುವ ಮೊದಲು ತಗಡು ಬಡಿಯಿತು. ಈ ಸಲ ಮಗ ಕೂಗಲಿಲ್ಲ. ತೆಳ್ಳನೆಯ, ಉಸಿರು ಸಾಲದ ದನಿಯೊಂದು ಮಂಜಿನೊಳಗಿಂದ ಬಂತು: "ಯಲ್ಲಾ ಮುಹಂದಿಸ್! ದೋರಕ್!" ನಿನ್ನ ಪಾಳಿ.

ಗೀಸರ್ ಹಾಕಿದೆ. ಒಳಬರುವ ಲೈನಿಗೆ ಹಚ್ಚಿದ ಮೀಟರಿನ ಮುಳ್ಳು ಸ್ವಲ್ಪ ಇಳಿಯಿತು. ಚಪ್ಪಲಿಯನ್ನೂ ಮೆಟ್ಟದೆ ಮುದುಕರ ಡೇರೆಗೆ ಓಡಿದೆ. ಮಷಿನ್ ಒಂದೇ ಸಮ ಓಡುತ್ತಿತ್ತು. ಆದರೂ ಮಂಡಿಯೂರಿ ಅದರ ದೀಪ ನೋಡಿದೆ, ನಳಿಗೆ ನೋಡಿದೆ, ಅವರ ಮುಖ ನೋಡಿದೆ. ಮುದುಕರು ಕೋಲಿನ ತುದಿಯಿಂದ ನನ್ನನ್ನು ಮೆಲ್ಲಗೆ ಆಚೆಗೆ ತಳ್ಳಿದರು. ಏನೋ ಅಂದರು.

"ಅರ್ಧ ಗಂಟೆ ನಿನ್ನದು ಅಂತಾರೆ," ಅಂದ ಮಗ. "ನಾನು ಬದುಕಿದ್ದೇನೋ ಅಂತ ನೋಡುತ್ತ ಅದನ್ನು ಕಳೆಯಬೇಡ ಅಂತಾರೆ."

ಮರಳಿ ಬಂದು ಕ್ಯಾರವಾನಿನ ಮೆಟ್ಟಿಲ ಮೇಲೆ ಹೆಂಡತಿಯ ಪಕ್ಕ ಕೂತೆ. ಅವಳು ನನಗೆ ಜಾಗ ಬಿಟ್ಟಳು. ನೀರು ಕಾಯುವ ತನಕ ನಾನು ಮೇಲೇಳಲಿಲ್ಲ.